ಏಡಿಯ ಹೊಟ್ಟೆಯೊಳಗಿನ ಲಯ: ಹಾರ್ಮೋನುಗಳು ನರಜಾಲವನ್ನು ತಿದ್ದುವ ಬಗೆ

ಏಡಿ ತನ್ನ ಆಹಾರವನ್ನು ಸರಿಯಾಗಿ ಅಗಿಯುವುದು ನುಂಗಿದ ಮೇಲೆ. ಬಾಯಿಯ ಸುತ್ತಲಿನ ಅಂಗಗಳು ಸಿಕ್ಕಿದ್ದನ್ನು ಹರಿದು, ತುಂಡು ಮಾಡಿ ಒಳಗೆ ತಳ್ಳುತ್ತವೆ. ನುಣ್ಣಗೆ ಅರೆಯುವ ಕೆಲಸ ಜಠರದ್ದು. ಅಲ್ಲಿ ನಡುವೆ ಒಂದು, ಎಡಬಲಕ್ಕೆ ಒಂದೊಂದು, ಒಟ್ಟು ಮೂರು ಗಟ್ಟಿ ಹಲ್ಲುಗಳಿವೆ. ಸ್ನಾಯುಗಳು ಅವನ್ನು ಮುಂದಕ್ಕೆ ಎಳೆದು ಒಂದಕ್ಕೊಂದು ಉಜ್ಜಿಸುತ್ತವೆ, ಮತ್ತೆ ಹಿಂದಕ್ಕೆ ಸೆಳೆಯುತ್ತವೆ. ಲಾಬ್‌ಸ್ಟರ್, ಕ್ರೇಫಿಶ್‌ಗಳ ಹೊಟ್ಟೆಯಲ್ಲೂ ಇದೇ ಏರ್ಪಾಡು. ಇದನ್ನು ಜಠರದ ಗಿರಣಿ ಎನ್ನುತ್ತಾರೆ.

ಗಿರಣಿ ನಿಧಾನಿ. ಅದರ ಒಂದು ಸುತ್ತಿಗೆ ಹಲವು ಸೆಕೆಂಡುಗಳೇ ಬೇಕು. ಅದರ ಹಿಂದಿರುವ ಪೈಲೋರಸ್ ಎಂಬ ಸೋಸುವ ಭಾಗ ಮಾತ್ರ ಚುರುಕು. ಸುಮಾರು ಸೆಕೆಂಡಿಗೊಮ್ಮೆ ಹಿಗ್ಗಿ ಕುಗ್ಗುತ್ತಿರುತ್ತದೆ. ಈ ಎರಡೂ ಲಯಗಳನ್ನು ನಡೆಸುವುದು ಜಠರದ ಮೇಲೆ ಕೂತಿರುವ ಪುಟ್ಟದೊಂದು ನರಗಂಟು. ಸಂಶೋಧಕರು ಹೆಚ್ಚಾಗಿ ಬಳಸುವ ಜೋನಾ ಏಡಿಯಲ್ಲಿ ಈ ಗಂಟಿನೊಳಗೆ ಇರುವುದು ಸುಮಾರು 26 ನರಕೋಶಗಳು, ಲಾಬ್‌ಸ್ಟರ್‌ಗಳಲ್ಲಿ ಸುಮಾರು 30. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ ಎಂಬುದನ್ನು ನೆನೆದರೆ, ಇಪ್ಪತ್ತಾರು ಕೋಶಗಳನ್ನು ಅರ್ಥ ಮಾಡಿಕೊಳ್ಳುವುದು ಒಂದು ಪಿಎಚ್‌ಡಿಯ ಕೆಲಸ ಅನ್ನಿಸಬಹುದು. ಅರವತ್ತು ವರ್ಷಗಳಾದರೂ ಆ ಕೆಲಸ ಮುಗಿದಿಲ್ಲ. ಅದಕ್ಕೆ ಕೋಶಗಳ ಸಂಖ್ಯೆಯಾಗಲಿ ತಂತುಗಳ ಸಿಕ್ಕಾಗಲಿ ಕಾರಣವಲ್ಲ. ಈ ಜಾಲ ಸದಾ ರಾಸಾಯನಿಕಗಳಲ್ಲಿ ತೊಯ್ದಿರುತ್ತದೆ, ಮತ್ತು ಯಾವ ರಾಸಾಯನಿಕ ಎಷ್ಟಿದೆ ಎಂಬುದರ ಮೇಲೆ ಅದೇ ಜಾಲ ಬೇರೆ ಬೇರೆ ಜಾಲದಂತೆ ವರ್ತಿಸುತ್ತದೆ.

ಮೊದಲು ಜಾಲದ ಬಗ್ಗೆ ಒಂದಿಷ್ಟು. ನರಗಂಟನ್ನು ಅದರ ನರಗಳ ಸಮೇತ ಹೊರತೆಗೆದು, ತಣ್ಣಗಿನ ಉಪ್ಪುನೀರಿನ ತಟ್ಟೆಯಲ್ಲಿಟ್ಟರೆ ಅದು ಗಂಟೆಗಟ್ಟಲೆ ಬದುಕಿರುತ್ತದೆ. ಬದುಕಿರುವುದಷ್ಟೇ ಅಲ್ಲ, ಕೆಲಸವನ್ನೂ ಮಾಡುತ್ತಿರುತ್ತದೆ. ಹೊಟ್ಟೆಯಿಲ್ಲ, ಹಲ್ಲಿಲ್ಲ, ಅಗಿಯಲು ಏನೂ ಇಲ್ಲ. ಆದರೂ ಸ್ನಾಯುಗಳಿಗೆ ಹೋಗಬೇಕಿದ್ದ ಸಂಕೇತಗಳು ಸರಿಯಾದ ಕ್ರಮದಲ್ಲಿ ನರಗಳಲ್ಲಿ ಹರಿಯುತ್ತಲೇ ಇರುತ್ತವೆ. ಹೊರಗಿನಿಂದ ಲಯಬದ್ಧ ಪ್ರಚೋದನೆ ಇಲ್ಲದೆ ತಾನೇ ಲಯ ಹುಟ್ಟಿಸುವ ಇಂಥ ಜಾಲಗಳು ನಡಿಗೆ, ಈಜು, ಉಸಿರಾಟ ಎಲ್ಲದರ ಹಿಂದೆಯೂ ಇವೆ. ಏಡಿಯದರಲ್ಲಿ ಒಂದು ಅನುಕೂಲವಿದೆ: ಪ್ರತಿ ಕೋಶಕ್ಕೂ ಹೆಸರಿದೆ, ಕೆಲಸ ಗೊತ್ತಿದೆ, ಮತ್ತೊಂದು ಏಡಿಯಲ್ಲಿ ಅದೇ ಕೋಶವನ್ನು ಹುಡುಕಿ ಎಲೆಕ್ಟ್ರೋಡ್ ಚುಚ್ಚಬಹುದು.

ಪೈಲೋರಿಕ್ ಲಯದ ಹೃದಯ ಎಬಿ ಎಂಬ ಒಂದೇ ಒಂದು ಕೋಶ. ಅದಕ್ಕೆ ವಿದ್ಯುತ್ ಸಂಪರ್ಕದಿಂದ ಅಂಟಿಕೊಂಡ ಎರಡು ಪಿಡಿ ಕೋಶಗಳಿವೆ. ಎಬಿಯ ವೋಲ್ಟೇಜ್ ತಾನಾಗಿಯೇ ಏರಿಳಿಯುತ್ತದೆ. ಏರಿದಾಗ ಈ ಮೂರೂ ಸೇರಿ ಎಲ್‌ಪಿ ಮತ್ತು ಪಿವೈ ಎಂಬ ಕೋಶಗಳನ್ನು ಅದುಮುತ್ತವೆ, ಅಂದರೆ ಸಂಕೇತ ಕಳಿಸದಂತೆ ಸುಮ್ಮನಾಗಿಸುತ್ತವೆ. ಅದುಮುವುದು ನಿಂತ ಕೂಡಲೇ ಅದುಮಿಸಿಕೊಂಡ ಕೋಶಗಳು ಪುಟಿದೇಳುತ್ತವೆ, ಮೊದಲು ಎಲ್‌ಪಿ, ಅದರ ಹಿಂದೆ ಪಿವೈ. ಎರಡಕ್ಕೂ ಬಿಡುಗಡೆ ಸಿಕ್ಕಿದ್ದು ಒಟ್ಟಿಗೇ ಆದರೂ ಪಿವೈ ತಡವಾಗುವುದಕ್ಕೆ ಅದರ ಪೊರೆಯಲ್ಲಿ ಹೆಚ್ಚಾಗಿರುವ ಒಂದು ಬಗೆಯ ಪೊಟ್ಯಾಸಿಯಮ್ ಪ್ರವಾಹವೂ ಒಂದು ಕಾರಣ. ಅಂದರೆ ಲಯ ಹುಟ್ಟುವುದು ಯಾರಿಗೆ ಯಾರ ಸಂಪರ್ಕವಿದೆ ಎಂಬುದರಿಂದ ಮಾತ್ರವಲ್ಲ, ಒಂದೊಂದು ಕೋಶದ ಪೊರೆಯಲ್ಲಿ ವಿದ್ಯುದಾವೇಶದ ಕಣಗಳನ್ನು ಒಳಹೊರಗೆ ಬಿಡುವ ಯಾವ ಯಾವ ಅಯಾನು ನಾಳಗಳು ಎಷ್ಟೆಷ್ಟು ತೆರೆದಿವೆ ಎಂಬುದರಿಂದಲೂ ಹೌದು. ಹಾರ್ಮೋನುಗಳು ಕೈಯಾಡಿಸುವುದು ಈ ಎರಡನೆಯ ಸಂಗತಿಯಲ್ಲಿ.

ಡೊನಾಲ್ಡ್ ಮೇನಾರ್ಡ್ 1960ರ ದಶಕದಲ್ಲಿ ಶುರುಮಾಡಿದ ಈ ಅಧ್ಯಯನವನ್ನು ಸ್ಯಾನ್ ಡಿಯೇಗೋದಲ್ಲಿ ಆ್ಯಲನ್ ಸೆಲ್ವರ್ಸ್ಟನ್ ಮತ್ತು ಸಂಗಡಿಗರು ಮುಂದುವರಿಸಿದರು. ಸಂಪರ್ಕಗಳ ನಕ್ಷೆ ಪೂರ್ತಿಯಾದರೆ ಜಾಲದ ನಡವಳಿಕೆ ತಾನೇ ತಿಳಿಯುತ್ತದೆ ಎಂಬ ನಂಬಿಕೆ ಆಗ ಬಲವಾಗಿತ್ತು. ನಕ್ಷೆ ಬಹುಮಟ್ಟಿಗೆ ಪೂರ್ತಿಯೂ ಆಯಿತು. ಆದರೆ ಒಂದು ಸರಳ ಪ್ರಯೋಗ ಆ ನಂಬಿಕೆಯನ್ನು ಅಲುಗಾಡಿಸುತ್ತದೆ. ಮಿದುಳಿನ ಕಡೆಯಿಂದ ಗಂಟಿಗೆ ಬರುವುದು ಒಂದೇ ನರ. ಅದನ್ನು ಕತ್ತರಿಸಿದರೆ, ಅಥವಾ ಅದರಲ್ಲಿ ಸಂಕೇತ ಹರಿಯದಂತೆ ತಡೆದರೆ, ಗಿರಣಿ ಲಯ ನಿಲ್ಲುತ್ತದೆ. ಪೈಲೋರಿಕ್ ಲಯ ತೀರಾ ಮಂದವಾಗುತ್ತದೆ, ಕೆಲವೊಮ್ಮೆ ಅದೂ ನಿಲ್ಲುತ್ತದೆ. ಗಂಟಿನೊಳಗಿನ ಸಂಪರ್ಕಗಳಲ್ಲಿ ಒಂದೂ ಕಡಿದಿಲ್ಲ, ನಕ್ಷೆ ಇದ್ದಂತೆಯೇ ಇದೆ. ಈಗ ಆ ಉಪ್ಪುನೀರಿಗೆ ಪ್ರೊಕ್ಟೋಲಿನ್ ಎಂಬ ಪೆಪ್ಟೈಡ್‌ ಅನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿ. ಒಂದೆರಡು ನಿಮಿಷಗಳಲ್ಲಿ ಪೈಲೋರಿಕ್ ಲಯ ಮತ್ತೆ ಶುರು.

ಪೆಪ್ಟೈಡ್ ಎಂದರೆ ಕೆಲವೇ ಅಮೈನೋ ಆಮ್ಲಗಳ ಗಿಡ್ಡ ಸರಪಳಿ. ಪ್ರೊಕ್ಟೋಲಿನ್‌ನಲ್ಲಿ ಇರುವುದು ಐದು: ಆರ್ಜಿನೀನ್, ಟೈರೋಸೀನ್, ಲ್ಯೂಸೀನ್, ಪ್ರೋಲೀನ್, ಥ್ರಿಯೋನೀನ್. ಅದನ್ನು ಮೊದಲು ಪ್ರತ್ಯೇಕಿಸಿದ್ದು ಜಿರಳೆಗಳಿಂದ, 1975ರಲ್ಲಿ, ಬ್ರೌನ್ ಮತ್ತು ಸ್ಟಾರಟ್ ಎಂಬಿಬ್ಬರು. ಸುಮಾರು 1.25 ಲಕ್ಷ ಜಿರಳೆಗಳನ್ನು ಅರೆದು ಸೋಸಿ ಅವರಿಗೆ ಸಿಕ್ಕಿದ್ದು ಒಂದು ಮಿಲಿಗ್ರಾಂನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಇಷ್ಟು ವಿರಳವಾದ ವಸ್ತು ಇಷ್ಟೆಲ್ಲ ಮಾಡಬಲ್ಲದು ಎಂಬುದೇ ಪೆಪ್ಟೈಡ್‌ಗಳ ಬಲದ ಅಳತೆ. ಸಾಮಾನ್ಯ ನರವಾಹಕ ರಾಸಾಯನಿಕಗಳು ಎರಡು ನರಕೋಶಗಳು ಕೂಡುವ ಸಿನಾಪ್ಸ್‌ನ ಸಂದಿಯಲ್ಲಿ ಮಿಲಿಸೆಕೆಂಡುಗಳಲ್ಲಿ ಬಂದು ಮಾಯವಾಗುತ್ತವೆ. ಪೆಪ್ಟೈಡ್‌ಗಳು ಹಾಗಲ್ಲ. ಅವು ಕೋಶದ ಪೊರೆಯಲ್ಲಿ ತಮ್ಮನ್ನು ಹಿಡಿಯುವ ಗ್ರಾಹಿಗೆ ಅಂಟಿದ ಮೇಲೆ ಒಳಗೆ ಒಂದು ರಾಸಾಯನಿಕ ಸರಣಿ ನಡೆದು, ಕೊನೆಗೆ ಯಾವುದೋ ಅಯಾನು ನಾಳ ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಪರಿಣಾಮ ಸೆಕೆಂಡುಗಳಿಂದ ನಿಮಿಷಗಳವರೆಗೆ ಉಳಿಯುತ್ತದೆ.

ಹೃದಯದಿಂದ ನೇರ ದಾರಿ

ಈ ಪೆಪ್ಟೈಡ್‌ಗಳು ನರಗಂಟನ್ನು ತಲುಪಲು ಎರಡು ದಾರಿಗಳಿವೆ. ಒಂದು, ಮಿದುಳಿನ ಕಡೆಯಿಂದ ಬರುವ ನರತಂತುಗಳ ತುದಿಯಿಂದ ಅಲ್ಲೇ ಸುರಿಯುವುದು. ಇನ್ನೊಂದು ರಕ್ತದ ದಾರಿ, ಅಂದರೆ ಹಾರ್ಮೋನಿನ ದಾರಿ.

1953ರಲ್ಲಿ ಅಲೆಕ್ಸಾಂಡ್ರೋವಿಚ್ ಎಂಬ ಅಂಗರಚನಾ ತಜ್ಞರು ಏಡಿ, ಲಾಬ್‌ಸ್ಟರ್‌ಗಳ ಹೃದಯದ ಸುತ್ತಲಿನ ಕುಹರದಲ್ಲಿ ವಿಚಿತ್ರವಾದ ನರಜಾಲರಿಯೊಂದನ್ನು ವರ್ಣಿಸಿದರು. ಅದು ಯಾವ ಸ್ನಾಯುವಿಗೂ ಹೋಗುವುದಿಲ್ಲ, ಯಾವ ಕೋಶಕ್ಕೂ ಸಂಪರ್ಕ ಕೊಡುವುದಿಲ್ಲ. ಹೃದಯಕ್ಕೆ ಮರಳುವ ರಕ್ತದ ಹರಿವಿನಲ್ಲಿ ಸುಮ್ಮನೆ ಚಾಚಿಕೊಂಡಿರುತ್ತದೆ. ಅದರ ಸಾರವನ್ನು ಹೃದಯಕ್ಕೆ ಸೋಕಿಸಿದರೆ ಬಡಿತ ಬದಲಾಗುವುದು ಕಂಡಾಗ ಗುಟ್ಟು ಬಯಲಾಯಿತು: ಆ ತಂತುಗಳ ಕೆಲಸ ರಕ್ತಕ್ಕೆ ಹಾರ್ಮೋನು ಬಿಡುವುದು. ಇವೇ ಹೃದಯಾವರಣ ಅಂಗಗಳು. ಪ್ರೊಕ್ಟೋಲಿನ್ ಇಲ್ಲಿದೆ. 1987ರಲ್ಲಿ ತೀರದ ಏಡಿಯ ಇದೇ ಅಂಗಗಳಿಂದ ಒಂಬತ್ತು ಅಮೈನೋ ಆಮ್ಲಗಳ ಸಿಸಿಎಪಿ ಎಂಬ ಪೆಪ್ಟೈಡ್ ಸಿಕ್ಕಿತು. ಇನ್ನೂ ಹಲವು ಅಲ್ಲಿವೆ.

ಈಗ ನರಗಂಟು ಕೂತಿರುವ ಜಾಗ ನೋಡಿ. ಹೃದಯದಿಂದ ತಲೆಯ ಕಡೆಗೆ ಹೋಗುವ ಮುಖ್ಯ ಅಪಧಮನಿಯ ಪಕ್ಕದಲ್ಲಲ್ಲ, ಅದರ ಒಳಗೇ ಅದು ಇದೆ. ಹೃದಯ ಒಮ್ಮೆ ಬಡಿದರೆ ಹೊಸ ರಕ್ತ ಆ ಇಪ್ಪತ್ತಾರು ಕೋಶಗಳನ್ನು ತೊಳೆದುಕೊಂಡೇ ಮುಂದೆ ಹೋಗುತ್ತದೆ. ಹಾರ್ಮೋನು ಬಿಡುವ ಅಂಗ ಹೃದಯದ ಬಾಗಿಲಲ್ಲಿ, ಅದನ್ನು ಆಲಿಸಬೇಕಾದ ಗಂಟು ಹೃದಯದ ಹೊರದಾರಿಯಲ್ಲಿ. ಅಂಗರಚನೆಯ ಇಂಥ ವಿವರಗಳನ್ನು ಪಾಠಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ನನಗೆ ಇಡೀ ವಿಷಯದ ಬೀಗದ ಕೈ ಇದೇ ಅನ್ನಿಸುತ್ತದೆ.

ನರತುದಿಯಿಂದ ಬೀಳುವ ಪೆಪ್ಟೈಡ್ ಒಂದೆಡೆ ದಟ್ಟವಾಗಿ, ಗೊತ್ತಾದ ಹೊತ್ತಿಗೆ ಬೀಳುತ್ತದೆ. ಹಾರ್ಮೋನು ಅತಿ ತೆಳುವಾಗಿ, ಎಲ್ಲ ಕೋಶಗಳ ಮೇಲೂ ಒಂದೇ ಸಮನೆ ಹರಡುತ್ತದೆ. ಎಲ್ಲ ಕೋಶಗಳಿಗೂ ತಲುಪಿದ ಮಾತ್ರಕ್ಕೆ ಎಲ್ಲವೂ ಓಗೊಡುವುದಿಲ್ಲ. ಗ್ರಾಹಿ ಇರುವ ಕೋಶ ಮಾತ್ರ ಓಗೊಡುತ್ತದೆ.

ಒಂದೇ ಪ್ರವಾಹ, ಬೇರೆ ಬೇರೆ ಫಲ

ಇಷ್ಟೊಂದು ಪೆಪ್ಟೈಡ್‌ಗಳಿದ್ದರೆ ಅವು ಅಷ್ಟೇ ಬಗೆಯ ನಾಳಗಳನ್ನು ತೆರೆಯುತ್ತಿರಬೇಕು ಎಂದು ಊಹಿಸುವುದು ಸಹಜ. ಬ್ರಾಂಡೈಸ್ ವಿಶ್ವವಿದ್ಯಾಲಯದ ಈವ್ ಮಾರ್ಡರ್ ಅವರ ಪ್ರಯೋಗಾಲಯ 2000ದಲ್ಲಿ ತೋರಿಸಿದ್ದು ಬೇರೆಯೇ. ಪ್ರೊಕ್ಟೋಲಿನ್, ಸಿಸಿಎಪಿ, ಮತ್ತೆ ಹಲವು ಪೆಪ್ಟೈಡ್‌ಗಳು ತಮ್ಮ ತಮ್ಮ ಪ್ರತ್ಯೇಕ ಗ್ರಾಹಿಗಳಿಗೆ ಅಂಟಿದರೂ ಕೊನೆಗೆ ಎಬ್ಬಿಸುವುದು ಒಂದೇ ಪ್ರವಾಹವನ್ನು. ಧನ ಅಯಾನುಗಳನ್ನು ಒಳಗೆ ಬಿಟ್ಟು ಕೋಶವನ್ನು ಚುರುಕಾಗಿಸುವ ಈ ಪ್ರವಾಹಕ್ಕೆ ಐಎಂಐ ಎಂದು ಹೆಸರು.

ಹಾಗಾದರೆ ಒಂದೊಂದು ಪೆಪ್ಟೈಡ್‌ನ ಪರಿಣಾಮ ಒಂದೊಂದು ತೆರ ಯಾಕೆ? ಗ್ರಾಹಿಗಳ ಹಂಚಿಕೆಯಿಂದ. ಪೈಲೋರಿಕ್ ಜಾಲದಲ್ಲಿ ಸಿಸಿಎಪಿ ಮುಖ್ಯವಾಗಿ ಎಬಿ ಮತ್ತು ಎಲ್‌ಪಿ ಕೋಶಗಳನ್ನು ಎಬ್ಬಿಸುತ್ತದೆ. ಪ್ರೊಕ್ಟೋಲಿನ್ ಅವುಗಳ ಜೊತೆಗೆ ಇನ್ನೂ ಕೆಲವು ಬಗೆಯ ಕೋಶಗಳನ್ನು. ಅದೇ ಪ್ರವಾಹ ಬೇರೆ ಬೇರೆ ಕೋಶಗಳಲ್ಲಿ ಎದ್ದಾಗ ಒಟ್ಟು ಲಯದ ರೂಪ ಬದಲಾಗುತ್ತದೆ.

ಐಎಂಐಗೆ ಒಂದು ಗುಣವಿದೆ, ಅದನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ. ಕೋಶದ ವೋಲ್ಟೇಜ್ ಕೆಳಗಿರುವಾಗ ಹೊರಗಿನ ಕ್ಯಾಲ್ಸಿಯಮ್ ಅಯಾನುಗಳು ಈ ಪ್ರವಾಹಕ್ಕೆ ಅಡ್ಡ ನಿಲ್ಲುತ್ತವೆ. ವೋಲ್ಟೇಜ್ ಏರತೊಡಗಿದಂತೆ ಅಡ್ಡಿ ಸಡಿಲವಾಗಿ ಪ್ರವಾಹ ಜೋರಾಗುತ್ತದೆ. ಹಾಗಾಗಿ ಹಾರ್ಮೋನು ಕೋಶವನ್ನು ಸದಾ ಒಂದೇ ಸಮನೆ ನೂಕುತ್ತಿರುವುದಿಲ್ಲ. ಕೋಶ ತಾನಾಗಿ ಏಳುತ್ತಿರುವಾಗ ಅದನ್ನು ಇನ್ನಷ್ಟು ಏಳಿಸುತ್ತದೆ, ಮಲಗಿರುವಾಗ ಬಹುಮಟ್ಟಿಗೆ ಸುಮ್ಮನಿರುತ್ತದೆ. ಏರಿಳಿತವೇ ಸ್ವಭಾವವಾದ ಕೋಶದ ಏರಿಳಿತ ಇದರಿಂದ ಹಿಗ್ಗುತ್ತದೆ.

ಪ್ರೊಕ್ಟೋಲಿನ್‌ನ ಒಂದು ನಡವಳಿಕೆಯನ್ನೂ ಇಲ್ಲೇ ಹೇಳಬೇಕು. ಲಯ ಮಂದವಾಗಿರುವಾಗ ಅದನ್ನು ಹಾಕಿದರೆ ವೇಗ ಗಮನಾರ್ಹವಾಗಿ ಏರುತ್ತದೆ. ಲಯ ಆಗಲೇ ಸೆಕೆಂಡಿಗೊಮ್ಮೆಯಷ್ಟು ಚುರುಕಾಗಿದ್ದರೆ ವೇಗದಲ್ಲಿ ಹೆಚ್ಚುಕಡಿಮೆ ಏನೂ ಬದಲಾಗುವುದಿಲ್ಲ. ಈ ಹಾರ್ಮೋನು ಏನು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ, ಜಾಲ ಆ ಹೊತ್ತಿಗೆ ಯಾವ ಸ್ಥಿತಿಯಲ್ಲಿದೆ ಎಂದು ನಾವು ಮರುಪ್ರಶ್ನೆ ಹಾಕಬೇಕಾಗುತ್ತದೆ.

ಚುರುಕುಗೊಳಿಸುವ ಹಾರ್ಮೋನು ನಿಧಾನಗೊಳಿಸಿದಾಗ

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೈಕೆಲ್ ನುಸ್‌ಬಾಮ್ ಅವರ ತಂಡ 2007ರಿಂದ 2010ರ ನಡುವೆ ಗಿರಣಿ ಲಯದ ಮೇಲೆ ಸಿಸಿಎಪಿಯ ಪರಿಣಾಮವನ್ನು ಬಿಡಿಸಿಟ್ಟ ಬಗೆ ಈ ಕ್ಷೇತ್ರದ ಅತ್ಯುತ್ತಮ ಕೆಲಸಗಳಲ್ಲಿ ಒಂದು. ಸ್ವಲ್ಪ ತಾಳ್ಮೆಯಿಂದ ನೋಡೋಣ.

ಗಿರಣಿಯನ್ನು ಚಾಲೂ ಮಾಡುವುದು ಎಂಸಿಎನ್1 ಎಂಬ ನರಕೋಶ. ಅದರ ತಂತು ಮಿದುಳಿನ ಕಡೆಯಿಂದ ಗಂಟಿಗೆ ಇಳಿದು ಕ್ಯಾಬ್‌ಟಿಆರ್‌ಪಿ, ಪ್ರೊಕ್ಟೋಲಿನ್, ಗಾಬಾ ಎಂಬ ಮೂರು ರಾಸಾಯನಿಕಗಳನ್ನು ಬಿಡುತ್ತದೆ. ಗಂಟಿನಲ್ಲಿ ಎರಡು ಕೋಶಗಳು ಒಂದನ್ನೊಂದು ಅದುಮುತ್ತಿರುತ್ತವೆ: ಹಲ್ಲನ್ನು ಮುಂದಕ್ಕೆ ತರುವ ಎಲ್‌ಜಿ, ಅದರ ಎದುರಾಳಿ ಇಂಟ್1. ಇಂಟ್1 ಮೇಲುಗೈ ಪಡೆದಿದ್ದಾಗ ಹಲ್ಲು ಹಿಂದೆ. ಆ ಹೊತ್ತಿನಲ್ಲಿ ಎಂಸಿಎನ್1ನ ಕ್ಯಾಬ್‌ಟಿಆರ್‌ಪಿ ಎಲ್‌ಜಿಯಲ್ಲಿ ನಿಧಾನವಾಗಿ ಐಎಂಐಯನ್ನು ಬೆಳೆಸುತ್ತಾ ಬರುತ್ತದೆ. ಅದು ಸಾಕಷ್ಟಾದಾಗ ಎಲ್‌ಜಿ ಹಿಡಿತದಿಂದ ತಪ್ಪಿಸಿಕೊಂಡು ಸಿಡಿಯುತ್ತದೆ, ಅಂದರೆ ಸಂಕೇತಗಳನ್ನು ಒಂದರ ಹಿಂದೊಂದು ಹೊಮ್ಮಿಸುತ್ತದೆ; ಹಲ್ಲು ಮುಂದೆ ಬರುತ್ತದೆ. ಆದರೆ ಸಿಡಿಯುತ್ತಲೇ ಎಲ್‌ಜಿ ಎಂಸಿಎನ್1ನ ತಂತುತುದಿಯನ್ನೇ ಅದುಮಿ, ತನಗೆ ಬರುತ್ತಿದ್ದ ಪೆಪ್ಟೈಡ್‌ ಅನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ನಲ್ಲಿ ಬಂದ್ ಮಾಡಿದ, ತಳದಲ್ಲಿ ಸಣ್ಣ ತೂತಿರುವ ತೊಟ್ಟಿಯ ಹಾಗೆ ಐಎಂಐಯ ಮಟ್ಟ ಇಳಿಯತೊಡಗುತ್ತದೆ. ಒಂದು ಮಟ್ಟಕ್ಕಿಂತ ಕೆಳಗಿಳಿದಾಗ ಎಲ್‌ಜಿ ಸುಮ್ಮನಾಗಿ, ಇಂಟ್1 ಮತ್ತೆ ಏಳುತ್ತದೆ, ನಲ್ಲಿ ಮತ್ತೆ ತೆರೆಯುತ್ತದೆ. ಗಿರಣಿಯ ಒಂದು ಸುತ್ತು ಎಂದರೆ ಇಷ್ಟೇ.

ಈಗ ರಕ್ತದಲ್ಲಿ ಸಿಸಿಎಪಿ ಬಂತು ಎನ್ನಿ. ಅದೂ ಎಲ್‌ಜಿಯಲ್ಲಿ ಅದೇ ಐಎಂಐಯನ್ನೇ ಎಬ್ಬಿಸುತ್ತದೆ. ಎಲ್‌ಜಿ ಎಂಸಿಎನ್1ನ ಬಾಯಿ ಮುಚ್ಚಿಸಬಲ್ಲದು, ರಕ್ತದ ಬಾಯಿ ಮುಚ್ಚಿಸಲಾರದು. ಹೀಗಾಗಿ ಎಲ್‌ಜಿ ಸಿಡಿಯುತ್ತಿರುವಾಗ ಎಂಸಿಎನ್1 ಕೊಟ್ಟ ಪ್ರವಾಹ ಇಳಿಯುತ್ತಿದ್ದರೂ ಸಿಸಿಎಪಿ ಕೊಟ್ಟದ್ದು ಹಾಗೇ ಉಳಿಯುತ್ತದೆ. ಎಲ್‌ಜಿ ಸುಮ್ಮನಾಗುವುದು ತಡವಾಗುತ್ತದೆ, ಹಲ್ಲು ಮುಂದಿರುವ ಹಂತ ಉದ್ದವಾಗುತ್ತದೆ. ಹಲ್ಲು ಹಿಂದಿರುವ ಹಂತದ ಅವಧಿ ಮಾತ್ರ ಬಹುಮಟ್ಟಿಗೆ ಮೊದಲಿನಷ್ಟೇ. ಆಗ ಎಲ್‌ಜಿಯ ವೋಲ್ಟೇಜ್ ಕೆಳಗಿರುವುದರಿಂದ ಹಾರ್ಮೋನಿನ ಪಾಲಿನ ಪ್ರವಾಹಕ್ಕೆ ಹೆಚ್ಚು ಬಲವಿರುವುದಿಲ್ಲ.

ಒಟ್ಟು ಫಲ ನೋಡಿ: ಕೋಶವನ್ನು ಚುರುಕುಗೊಳಿಸುವ ಹಾರ್ಮೋನಿನಿಂದ ಗಿರಣಿಯ ಲಯ ನಿಧಾನವಾಗುತ್ತದೆ. ಕೋಶ ಮಟ್ಟದ ಪರಿಣಾಮದಿಂದ ಜಾಲ ಮಟ್ಟದ ಪರಿಣಾಮವನ್ನು ಊಹಿಸಲು ಹೊರಟವರು ಇಲ್ಲಿ ಎಡವುತ್ತಾರೆ. ಇನ್ನೂ ಒಂದು ಸೂಕ್ಷ್ಮವಿದೆ. ಎಂಸಿಎನ್1 ಮತ್ತು ಸಿಸಿಎಪಿ ಎಬ್ಬಿಸುವ ಪ್ರವಾಹ ಒಂದೇ, ಕೋಶವೂ ಒಂದೇ. ವ್ಯತ್ಯಾಸ ಇರುವುದು ಒಂದಕ್ಕೆ ಲಗಾಮು ಇದೆ, ಇನ್ನೊಂದಕ್ಕೆ ಇಲ್ಲ ಎಂಬುದರಲ್ಲಿ ಮಾತ್ರ. ಹಾರ್ಮೋನಿಗೂ ನರತುದಿಯ ಪೆಪ್ಟೈಡ್‌ಗೂ ಇರುವ ಭೇದ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ಕಂಡಿದ್ದು ನನಗೆ ಗೊತ್ತಿಲ್ಲ.

ಅದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹಲ್ಲನ್ನು ಆಡಿಸುವ ಸ್ನಾಯುಗಳಲ್ಲಿ ಎಳೆತವನ್ನು ಗ್ರಹಿಸುವ ಜಿಪಿಆರ್ ಎಂಬ ಸಂವೇದಕ ಕೋಶವಿದೆ. ಸ್ನಾಯು ಹಿಗ್ಗಿದಾಗ ಅದು ಎಂಸಿಎನ್1ನ ತುದಿಯನ್ನು ಅದುಮಿ, ಹಲ್ಲು ಹಿಂದಿರುವ ಹಂತವನ್ನು ಉದ್ದ ಮಾಡುತ್ತದೆ. ಸಿಸಿಎಪಿ ಇದ್ದಾಗ ಈ ಸಂವೇದಕದ ಮಾತಿಗೆ ಬೆಲೆ ಕಡಿಮೆ. ಎಂಸಿಎನ್1 ಕಡೆಯಿಂದ ಕೊರತೆಯಾದ ಐಎಂಐಯನ್ನು ಹಾರ್ಮೋನು ಸ್ವಲ್ಪಮಟ್ಟಿಗೆ ತುಂಬಿಕೊಡುವುದೇ ಕಾರಣ. ಸ್ನಾಯುವಿನ ವರದಿ ಅದೇ, ಅದನ್ನು ಒಯ್ಯುವ ನರ ಅದೇ, ಸಂಪರ್ಕ ಅದೇ. ರಕ್ತದಲ್ಲಿ ಏನಿದೆ ಎಂಬುದರ ಮೇಲೆ ಆ ವರದಿಯ ತೂಕ ಬದಲಾಗುತ್ತದೆ.

ಜಾಲಗಳು ಬೆಸೆದುಕೊಂಡಾಗ

ಇದುವರೆಗೆ ನೋಡಿದ್ದು ಒಂದು ಜಾಲದ ವೇಗ, ಆಕಾರಗಳ ಮಾತು. ಪೆಪ್ಟೈಡ್‌ಗಳು ಜಾಲಗಳ ಗಡಿಯನ್ನೇ ಅಳಿಸುವುದೂ ಉಂಟು. ಆರ್‌ಪಿಸಿಎಚ್ ಎಂಬುದು ಸಿಗಡಿಯ ಕಣ್ಣಿನ ಕಾಂಡದಿಂದ ಸಿಕ್ಕ, ಮೈಬಣ್ಣದ ಕಣಗಳನ್ನು ಒಟ್ಟುಗೂಡಿಸುವ ಎಂಟು ಅಮೈನೋ ಆಮ್ಲಗಳ ಹಾರ್ಮೋನು. 1972ರಲ್ಲೇ ಅದರ ರಚನೆ ತಿಳಿದಿತ್ತು. ಚರ್ಮದ ಬಣ್ಣದ ವಿಷಯ ಎಂದು ಬದಿಗಿಟ್ಟಿದ್ದ ಇದನ್ನು 1990ರಲ್ಲಿ ಮುಳ್ಳು ಲಾಬ್‌ಸ್ಟರ್‌ನ ಜಠರ ನರಮಂಡಲದ ಮೇಲೆ ಪ್ರಯೋಗಿಸಿದರು. ಗಿರಣಿ ಲಯ ಮತ್ತು ಜಠರದ ಮುಂಭಾಗದ ಚೀಲದ ಲಯ ಎರಡೂ ಬೇರೆ ಬೇರೆಯಾಗಿ ನಡೆಯುವಂಥವು. ಆರ್‌ಪಿಸಿಎಚ್ ಬಿದ್ದಾಗ ಅವು ಬೆಸೆದುಕೊಂಡು ಎರಡಕ್ಕಿಂತಲೂ ಭಿನ್ನವಾದ ಒಂದೇ ಹೊಸ ಲಯವಾದವು. ಇಂಥ ಕೋಶ ಇಂಥ ಜಾಲದ್ದು ಎಂದು ಶಾಶ್ವತವಾಗಿ ಪಟ್ಟಿ ಮಾಡುವ ರೂಢಿಗೆ ಅದು ದೊಡ್ಡ ಪೆಟ್ಟು.

ಅದೇ ವರ್ಷ, ತಟ್ಟೆಯಲ್ಲಿ ಕಂಡದ್ದು ಜೀವಂತ ಪ್ರಾಣಿಯಲ್ಲೂ ನಡೆಯುತ್ತದೆಯೇ ಎಂಬ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿತು. ಮುಳ್ಳು ಲಾಬ್‌ಸ್ಟರ್ ಆಹಾರ ತಿಂದ ಮೇಲೆ ಅದರ ರಕ್ತದಲ್ಲಿ ಕೊಲೆಸಿಸ್ಟೊಕೈನಿನ್‌ಗೆ ಹೋಲುವ ಪೆಪ್ಟೈಡ್ ಏರುತ್ತದೆ, ಅದರೊಂದಿಗೆ ಗಿರಣಿಯ ಚಟುವಟಿಕೆಯೂ ಏರುತ್ತದೆ. ಆ ಪೆಪ್ಟೈಡ್‌ಗೆ ಅಡ್ಡಿಯಾಗುವ ಔಷಧ ಕೊಟ್ಟರೆ ಗಿರಣಿ ಮಂದವಾಗುತ್ತದೆ. ನಮ್ಮ ಕರುಳು ಊಟದ ನಂತರ ಬಿಡುವುದೂ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನನ್ನೇ.

ಸಿಸಿಎಪಿಗೂ ಪ್ರಾಣಿಯ ಬದುಕಿನಲ್ಲಿ ಒಂದು ನಿರ್ದಿಷ್ಟ ಗಳಿಗೆ ಇದೆ. ಏಡಿ ಹಳೆಯ ಚಿಪ್ಪು ಕಳಚುವ ಹೊತ್ತಿನಲ್ಲಿ ರಕ್ತದಲ್ಲಿ ಸಿಸಿಎಪಿ ಹಠಾತ್ತಾಗಿ ಉಕ್ಕುತ್ತದೆ. ಅದು ತಲುಪುವುದು ಹೊಟ್ಟೆಯ ನರಗಂಟನ್ನು ಮಾತ್ರವಲ್ಲ. ಲಾಬ್‌ಸ್ಟರ್‌ನ ಹೃದಯ ಬಡಿಯುವುದು ಒಂಬತ್ತೇ ನರಕೋಶಗಳ ಇನ್ನೊಂದು ಗಂಟಿನ ಅಪ್ಪಣೆಯಿಂದ. ಸಿಸಿಎಪಿ ಅಲ್ಲೂ ಕೆಲಸ ಮಾಡುತ್ತದೆ. ಮೈಯ ಬೇರೆ ಬೇರೆ ಲಯಗಳನ್ನು ಒಂದೇ ಸಂದರ್ಭಕ್ಕೆ ಹೊಂದಿಸಬೇಕಾದಾಗ ಪ್ರತಿಯೊಂದಕ್ಕೂ ಪ್ರತ್ಯೇಕ ನರ ಎಳೆಯುವುದಕ್ಕಿಂತ ರಕ್ತಕ್ಕೆ ಒಂದು ಅಣುವನ್ನು ಬಿಡುವುದು ಅಗ್ಗದ ದಾರಿ.

ಇನ್ನು ಶಾಖದ ವಿಚಾರ. ಏಡಿ ಶೀತರಕ್ತದ ಪ್ರಾಣಿ, ನೀರಿನ ಶಾಖವೇ ಅದರ ನರಗಳ ಶಾಖ. ಪೈಲೋರಿಕ್ ಲಯ ಇದನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ: ಶಾಖ ಏರಿದಂತೆ ವೇಗ ಏರಿದರೂ ಕೋಶಗಳ ಸರದಿಯ ಅನುಪಾತ ಕೆಡುವುದಿಲ್ಲ. ಗಿರಣಿ ಲಯ ಅಷ್ಟು ಗಟ್ಟಿಯಲ್ಲ. ಕೆಲವೇ ಡಿಗ್ರಿ ಏರಿದರೆ ಎಲ್‌ಜಿಯ ಪೊರೆಯಲ್ಲಿ ಸೋರಿಕೆ ಹೆಚ್ಚಾಗಿ, ಅದು ಸಿಡಿಯುವುದನ್ನೇ ನಿಲ್ಲಿಸಿಬಿಡುತ್ತದೆ ಎಂದು 2015ರಲ್ಲಿ ವೊಲ್ಫ್‌ಗಾಂಗ್ ಸ್ಟೈನ್ ಅವರ ತಂಡ ತೋರಿಸಿತು. ತಟ್ಟೆಯನ್ನು ತಣ್ಣಗೆ ಮಾಡದೆ, ಎಂಸಿಎನ್1ನ ಚಟುವಟಿಕೆಯನ್ನು ಹೆಚ್ಚಿಸಿದರೆ, ಅಥವಾ ಅದು ಬಿಡುವ ಕ್ಯಾಬ್‌ಟಿಆರ್‌ಪಿಯನ್ನೇ ನೇರವಾಗಿ ಹಾಕಿದರೆ, ಸೋರಿಹೋದಷ್ಟನ್ನು ಐಎಂಐ ತುಂಬಿಕೊಟ್ಟು ಆ ಶಾಖದಲ್ಲೇ ಲಯ ಮರಳುತ್ತದೆ. ಕ್ಯಾಬ್‌ಟಿಆರ್‌ಪಿ ನಮ್ಮ ದೇಹದ ಸಬ್‌ಸ್ಟೆನ್ಸ್ ಪಿ ಎಂಬ ಪೆಪ್ಟೈಡ್‌ನ ಬಳಗಕ್ಕೆ ಸೇರಿದ್ದು. ಸಸ್ತನಿಗಳಲ್ಲಿ ಉಸಿರಾಟದ ಲಯ ಹುಟ್ಟಿಸುವ ಮಿದುಳುಕಾಂಡದ ಜಾಲಕ್ಕೆ ಈ ಸಬ್‌ಸ್ಟೆನ್ಸ್ ಪಿ ಸೋಕಿಸಿದರೆ, ಅಲ್ಲೂ ಲಯದ ವೇಗ ಏರುತ್ತದೆ.